ಗ್ರಾಫಿಕ್ ಕಾದಂಬರಿಗಳನ್ನು ಯಾವ ಕಪಾಟಿನಲ್ಲಿ ಇಡಬೇಕು?

ಪ್ರಶ್ನೆ:
ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಗ್ರಾಫಿಕ್ ಕಾದಂಬರಿಗಳನ್ನು, ಅಂದರೆ ಚಿತ್ರಕಥೆಯ ರೂಪದ ಪುಸ್ತಕಗಳನ್ನು, ಕೊಳ್ಳಲು ಈ ವರ್ಷ ಮೊದಲ ಬಾರಿಗೆ ಅನುಮತಿ ಸಿಕ್ಕಿದೆ. ಕಾರ್ಕಳದವರಾದ ಅನಂತ ಪೈಯವರ ಅಮರ ಚಿತ್ರಕಥೆಗಳನ್ನು ಓದಿ ಬೆಳೆದ ನಮಗೆ ಚಿತ್ರಕಥೆಯೆಂದರೆ ಪುರಾಣ, ಇತಿಹಾಸ ಎಂಬುದೇ ರೂಢಿ. ಈಗ ಪಟ್ಟಿಗಳನ್ನು ನೋಡಿದರೆ ಆತ್ಮಕಥೆ, ಯುದ್ಧವರದಿ, ಪತ್ತೇದಾರಿ ಕತೆ, ಕಾಯಿಲೆಯ ಅನುಭವ ಎಲ್ಲವೂ ಇದೇ ಹೆಸರಿನಡಿ ಬರುತ್ತಿವೆ. ಇವನ್ನು ಒಂದೇ ಕಡೆ ಇಡಬೇಕೋ, ವಿಷಯಕ್ಕೆ ತಕ್ಕಂತೆ ಹಂಚಬೇಕೋ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1:
ಹಂಚುವುದೇ ಸರಿ. ನಾಜಿಗಳ ಸಾವಿನ ಶಿಬಿರವಾದ ಔಶ್ವಿಟ್ಜ್‌ನಿಂದ ಬದುಕಿ ಬಂದ ತಂದೆಯ ನೆನಪುಗಳನ್ನು, ಯಹೂದಿಗಳನ್ನು ಇಲಿಗಳಾಗಿಯೂ ನಾಜಿಗಳನ್ನು ಬೆಕ್ಕುಗಳಾಗಿಯೂ ಚಿತ್ರಿಸಿ ಹೇಳಿದ ಆರ್ಟ್ ಸ್ಪೀಗಲ್‌ಮನ್ ಅವರ ‘ಮೌಸ್’ 1992ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ ಪಡೆಯಿತು. ಅದರ ಜಾಗ ಎರಡನೆಯ ಮಹಾಯುದ್ಧದ ಇತಿಹಾಸದ ಪಕ್ಕದಲ್ಲಿದೆ. ಜೋ ಸ್ಯಾಕೋ ಅವರ ಚಿತ್ರವರದಿ ‘ಪ್ಯಾಲೆಸ್ಟೈನ್’ ಪತ್ರಿಕೋದ್ಯಮದ ವಿದ್ಯಾರ್ಥಿಗಳ ಕಣ್ಣಿಗೆ ಬೀಳಬೇಕು. ವರದಿಗಾರನು ತನ್ನನ್ನೂ ಚಿತ್ರದೊಳಗೆ ಬರೆದುಕೊಳ್ಳುವುದರಿಂದ, ಯಾರು ಕೇಳಿದರು, ಯಾರು ಹೇಳಿದರು ಎಂಬುದು ಅಲ್ಲಿ ಮರೆಯಾಗುವುದಿಲ್ಲ. ನಮ್ಮ ದೇಶದಲ್ಲೇ ಓರಿಜಿತ್ ಸೇನ್ 1994ರಷ್ಟು ಹಿಂದೆಯೇ ನರ್ಮದಾ ಅಣೆಕಟ್ಟಿನ ವಿಷಯವನ್ನು ಈ ರೂಪದಲ್ಲಿ ತಂದರು. ವಿಶ್ವಜ್ಯೋತಿ ಘೋಷ್ ತುರ್ತುಪರಿಸ್ಥಿತಿಯ ಬಗ್ಗೆ ಬರೆದಿದ್ದಾರೆ. ಚಿತ್ರಗಳಿವೆ ಎಂಬ ಒಂದೇ ಕಾರಣಕ್ಕೆ ಇಂಥವನ್ನೆಲ್ಲ ಒಟ್ಟಿಗೆ ಕೂಡಿಹಾಕುವುದು ಪುಸ್ತಕಗಳಿಗೂ ಓದುಗರಿಗೂ ಮಾಡುವ ಅನ್ಯಾಯ.

ಉತ್ತರ 2:
ತಾತ್ವಿಕವಾಗಿ ಒಪ್ಪುತ್ತೇನೆ, ಆದರೆ ದಪ್ಪ ಇತಿಹಾಸಗ್ರಂಥಗಳ ನಡುವೆ ಸೇರಿದ ಚಿತ್ರಪುಸ್ತಕವನ್ನು ಹೊಸ ಓದುಗರು ಹುಡುಕಿಕೊಂಡು ಹೋಗುವುದಿಲ್ಲ. ಸಂಗ್ರಹ ಬೆಳೆಯುವವರೆಗೆ ಎಲ್ಲವನ್ನೂ ಒಟ್ಟಿಗಿಟ್ಟು, ಪ್ರಕಾರಕ್ಕೊಂದು ಬಣ್ಣದ ಚೀಟಿಯನ್ನು ಬೆನ್ನಿಗೆ ಅಂಟಿಸಿರಿ. ಪತ್ತೇದಾರಿ ಕತೆಗಾಗಿ ಬಂದವರು ಪಕ್ಕದಲ್ಲಿರುವ ಮರ್ಜಾನ್ ಸತ್ರಾಪಿಯವರ ಇರಾನಿನ ಬಾಲ್ಯಕಥನವನ್ನೂ ಕೈಗೆತ್ತಿಕೊಳ್ಳುವ ಸಾಧ್ಯತೆ ಆಗಲೇ ಹೆಚ್ಚು. ಜಪಾನಿನ ಚಿತ್ರಕಥೆಗಳಾದ ಮಾಂಗಾಗಳನ್ನು ಸಾಮಾನ್ಯವಾಗಿ ಬಲದಿಂದ ಎಡಕ್ಕೆ ಓದಬೇಕಾದ್ದರಿಂದ ಆ ಬಗ್ಗೆ ಒಂದು ಸೂಚನೆ ಹಾಕಿರಿ.

ಉತ್ತರ 3:
ಯಾವ ಕ್ರಮ ಅನುಸರಿಸಿದರೂ 2011ರಲ್ಲಿ ನವಯಾನ ಪ್ರಕಾಶನ ಪ್ರಕಟಿಸಿದ ‘ಭೀಮಾಯನ’ವನ್ನು ಬಿಡಬೇಡಿ. ಅಂಬೇಡ್ಕರರ ಬದುಕನ್ನು ಪರಧಾನ್ ಗೊಂಡ ಬುಡಕಟ್ಟಿನ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಚಿತ್ರಿಸಿರುವ ಈ ಕೃತಿಯಲ್ಲಿ ಚಿತ್ರಗಳನ್ನು ಬೇರ್ಪಡಿಸುವ ಚೌಕಟ್ಟಿನ ಪೆಟ್ಟಿಗೆಗಳೇ ಇಲ್ಲ. ಗೊಂಡರು ಮನೆಯ ಗೋಡೆ, ನೆಲಗಳ ಮೇಲೆ ಬರೆಯುವ ದಿಗ್ನಾ ವಿನ್ಯಾಸಗಳೇ ಪುಟವನ್ನು ಬಾಗುತ್ತ ಬಳಕುತ್ತ ವಿಭಾಗಿಸುತ್ತವೆ. ಮೃದುವಾದ ಮಾತುಗಳು ಹಕ್ಕಿಯ ಆಕಾರದಲ್ಲಿ ಬಂದರೆ, ಜಾತಿಯ ವಿಷ ಕಾರುವ ಮಾತುಗಳಿಗೆ ಚೇಳಿನ ಕೊಂಡಿಯಿದೆ. ಅಕ್ಷರ ಓದುವ ಮೊದಲೇ ಆ ಮಾತು ಎಂಥದ್ದೆಂದು ಕಣ್ಣಿಗೆ ತಿಳಿಯುತ್ತದೆ. ಇದನ್ನು ಜೀವನಚರಿತ್ರೆಯೆನ್ನಬೇಕೋ ಜನಪದ ಕಲೆಯೆನ್ನಬೇಕೋ ಎಂಬ ಗೊಂದಲ ಬಂದರೆ, ಎರಡು ಪ್ರತಿ ಕೊಂಡು ಎರಡೂ ವಿಭಾಗಗಳಲ್ಲಿ ಇಡುವುದು ಒಳ್ಳೆಯದು.