ಸ್ಟಾರ್ ಕೊಟ್ಟು ಓದಿಸಿದರೆ ಅದು ಲಂಚವಾ?

ಮಂಜುಳಾ: ಮಗನಿಗೆ 9 ವರ್ಷ, ಎಡಿಎಚ್‌ಡಿ ಇದೆ, ಅಂದರೆ ಗಮನ ನಿಲ್ಲುವುದಿಲ್ಲ, ಚಡಪಡಿಕೆ ಜಾಸ್ತಿ. ಐದು ಲೆಕ್ಕ ಮಾಡಿದರೆ ಒಂದು ಸ್ಟಾರ್. ಐದು ಸ್ಟಾರ್ ಆದರೆ ಅರ್ಧ ಗಂಟೆ ಜಾಸ್ತಿ ಆಟ. ಮೂರು ವಾರದಿಂದ ಹೋಮ್‌ವರ್ಕ್‌ಗೆ ಕೂರುತ್ತಿದ್ದಾನೆ. ಅತ್ತೆ ಮಾತ್ರ ಇದು ಲಂಚ ಅನ್ನುತ್ತಾರೆ. ಹೌದಾ?

ನಿವೃತ್ತ ಮೇಷ್ಟ್ರು: ಅತ್ತೆ ಹೇಳಿದ್ದು ಸರಿ ಅಮ್ಮ. 1973ರಲ್ಲಿ ಮನಶ್ಶಾಸ್ತ್ರಜ್ಞ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬರೆಯುವ ಮಕ್ಕಳಿಗೆ ಬಹುಮಾನ ಕೊಡುತ್ತೇವೆ ಅಂದು ನೋಡಿದರು. ಆಮೇಲೆ ಆ ಮಕ್ಕಳು ತಾವಾಗಿ ಬಣ್ಣದ ಪೆನ್ನು ಹಿಡಿಯುವುದೇ ಕಡಿಮೆ ಆಯಿತು.

ಕಿರಣ್: 'ಚಿತ್ರ ಬರೆಯುವ ಮಕ್ಕಳು' ಅಂತ ನೀವೇ ಬರೆದಿದ್ದೀರಿ. ಚಿತ್ರ ಮೊದಲೇ ಇಷ್ಟವಿದ್ದ ಮಕ್ಕಳನ್ನೇ ಆರಿಸಿದ್ದರು. ಮೊದಲು ಹೇಳದೆ ಬಹುಮಾನ ಕೊಟ್ಟಾಗ ಆಸೆ ಕುಗ್ಗಲಿಲ್ಲ. ಅದನ್ನು ಯಾಕೆ ಬಿಟ್ಟಿರಿ?

ನಿವೃತ್ತ ಮೇಷ್ಟ್ರು: 'ಯಾಕೆ ಬಿಟ್ಟಿರಿ' ಅಂದರೆ? ಸುಳ್ಳು ಹೇಳಿದೆ ಅಂತಲಾ? 34 ವರ್ಷ ಪಾಠ ಮಾಡಿದ್ದೇನೆ. ಲಂಚ ಲಂಚವೇ.

ಶೋಭಾ: ತಪ್ಪು ಕೆಲಸ ಮಾಡಿಸಲು ಕೊಡುವುದು ಲಂಚ. ಲೆಕ್ಕ ಮಾಡುವುದು ತಪ್ಪಾ ಸರ್? ಹಾಗಾದರೆ ನಿಮ್ಮ ಸಂಬಳ?

ನಿವೃತ್ತ ಮೇಷ್ಟ್ರು: ಪಹಣಿ ಕೊಡುವುದು ಸರಿಯಾದ ಕೆಲಸವೇ. ಅದಕ್ಕೂ ಕೈ ಬಿಸಿ ಮಾಡಬೇಕು, ಅಲ್ವಾ? ಸಂಬಳದ ಮಾತು ಬೇಡ ತಾಯಿ.

ಕಿರಣ್: ಪಹಣಿಗೆ ದುಡ್ಡು ಅವರು ಕೇಳುತ್ತಾರೆ. ಇಲ್ಲಿ ಹುಡುಗ ಕೇಳಲಿಲ್ಲ. ಹಠ ಮಾಡುವ ಮಗುವಿನ ಬಾಯಿ ಮುಚ್ಚಿಸಲು ಮೊಬೈಲ್ ಕೊಡುತ್ತೇವಲ್ಲ, ಅದು ಲಂಚ!

ಇಮ್ರಾನ್: ಲಂಚ ಬಿಡಿ. ಎಡಿಎಚ್‌ಡಿ ಚಿಕಿತ್ಸೆಗಳನ್ನು ಹೋಲಿಸಿ ನೋಡಿದ 1999ರ ಅಮೆರಿಕದ ಎಂಟಿಎ ಅಧ್ಯಯನದಲ್ಲಿ 579 ಮಕ್ಕಳಿದ್ದರು. 14 ತಿಂಗಳ ಕೊನೆಗೆ ಗಮನ, ಚಡಪಡಿಕೆ ಎರಡಕ್ಕೂ ಬರೀ ನಡವಳಿಕೆ ತರಬೇತಿಗಿಂತ ಮಾತ್ರೆಯೇ ಹೆಚ್ಚು ಕೆಲಸ ಮಾಡಿತ್ತು.

ಶೋಭಾ: ಮಾತ್ರೆ ಬಗ್ಗೆ ಯಾರು ಕೇಳಿದರು?

ರೇಖಾ: ಎಡಿಎಚ್‌ಡಿ ಮಕ್ಕಳಿಗೆ ದೂರದ ಫಲಕ್ಕೆ ಕಾಯುವುದು ಕಷ್ಟ. ಮಾರ್ಚ್ ಪರೀಕ್ಷೆ ಅವರ ಕಣ್ಣಿಗೇ ಬೀಳುವುದಿಲ್ಲ, ಇವತ್ತಿನ ಸ್ಟಾರ್ ಬೀಳುತ್ತದೆ. ನನ್ನ ಮಗಳಿಗಿದ್ದದ್ದು ಡಿಪ್ರೆಶನ್. ಚಾರ್ಟ್‌ನ ಖಾಲಿ ಮನೆಗಳನ್ನು ನೋಡಿ ಅತ್ತುಬಿಟ್ಟಳು. ಹೋಳಿಗೆಯೂ ರುಚಿಸದ ಮಗುವಿಗೆ ಸ್ಟಾರ್ ಏನು ಮಾಡುತ್ತೆ? ಮನಸ್ಸು ಬರಲಿ ಅಂತ ಕಾಯಬೇಡಿ, ದಿನಾ ಹತ್ತು ನಿಮಿಷ ಜೊತೆಗೆ ನಡೆಯಿರಿ ಅಂದರು ಕೌನ್ಸೆಲರ್. ನಮ್ಮದು ಶುರುವಾಗಿದ್ದು ಅಲ್ಲಿಂದ.

ನಿವೃತ್ತ ಮೇಷ್ಟ್ರು: ನೋಡಿ, 'ಸ್ಟಾರ್ ಏನು ಮಾಡುತ್ತೆ' ಅಂತ ಇವರೇ ಕೇಳಿದರು.

ರೇಖಾ: ಡಿಪ್ರೆಶನ್ ಇರುವ ಮಗುವಿನ ಮಾತು ಅದು ಸರ್! ಎರಡನ್ನೂ ಬೆರೆಸಬೇಡಿ. ಆ ಒಂದು ವರ್ಷ ನಾನು ಪಟ್ಟ ಪಾಡು ನಿಮ್ಮ ವಾದಕ್ಕೆ ಬಳಸಬೇಡಿ.

ನಿವೃತ್ತ ಮೇಷ್ಟ್ರು: ನೋಯಿಸಬೇಕು ಅಂತ ಅಲ್ಲಮ್ಮ. ಆದರೂ ಸ್ಟಾರ್ ನಿಂತ ದಿನ ಆ ಹುಡುಗ ಕೂರುತ್ತಾನಾ, ನೋಡೋಣ.

ಮಂಜುಳಾ: ಒಂದೇ ಸಲ ನಿಲ್ಲಿಸುವುದಿಲ್ಲ ಸರ್. ಮುಂದಿನ ವಾರದಿಂದ ಏಳು ಲೆಕ್ಕಕ್ಕೆ ಒಂದು ಸ್ಟಾರ್.