ಪೇಸ್ಟ್ ಮಾಡಿದ ಕೂಡಲೇ ಕೋಡ್ ಬದಲಾಗುತ್ತದೆ, ಏನು ಮಾಡಲಿ?

ಪ್ರಶ್ನೆ: ವಿಎಸ್ ಕೋಡ್ ಅನ್ನುವ ಎಡಿಟರಿನಲ್ಲಿ ಪೈಥಾನ್ ಪ್ರೋಗ್ರಾಮಿಂಗ್ ಕಲಿಯುತ್ತಿದ್ದೇನೆ. ಒಂದು ಫೈಲಿನ ಹತ್ತು ಸಾಲು ಕಾಪಿ ಮಾಡಿ ಇನ್ನೊಂದರಲ್ಲಿ ಪೇಸ್ಟ್ ಮಾಡಿದರೆ ಸಾಲುಗಳು ತಾವಾಗಿಯೇ ಅತ್ತಿತ್ತ ಸರಿಯುತ್ತವೆ. ನಿನ್ನೆ ಲೂಪಿನ (ಮತ್ತೆ ಮತ್ತೆ ನಡೆಯುವ ಭಾಗದ) ಹೊರಗಿದ್ದ, ಉತ್ತರ ವಾಪಸ್ ಕೊಡುವ ರಿಟರ್ನ್ ಸಾಲು ಒಳಗೆ ಹೋಗಿ ಕೂತಿತ್ತು. ಎರರ್ ಏನೂ ಬರಲಿಲ್ಲ, ಉತ್ತರ ಮಾತ್ರ ತಪ್ಪು. ಹುಡುಕುವಷ್ಟರಲ್ಲಿ ಅರ್ಧ ದಿನ ಹೋಯಿತು. ಕಾಪಿ ಮಾಡಿದ್ದನ್ನು ಇದ್ದ ಹಾಗೇ ಇಡು ಅಂತ ಎಡಿಟರಿಗೆ ಹೇಳುವುದು ಹೇಗೆ?

ಉತ್ತರ: ಜಾವಾದಲ್ಲಿ ಸಾಲು ಸರಿದರೆ ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೇ. ಯಾವ ಸಾಲು ಯಾವುದರ ಒಳಗಿದೆ ಅಂತ ಹೇಳುವ ಬ್ರಾಕೆಟ್ ಇದ್ದಲ್ಲೇ ಇರುತ್ತದೆ. ಪೈಥಾನ್‌ನಲ್ಲಿ ಎಡಗಡೆ ಬಿಟ್ಟ ಜಾಗವೇ ಬ್ರಾಕೆಟ್ಟಿನ ಕೆಲಸ ಮಾಡುತ್ತದೆ. ಅದಕ್ಕೇ ನಿಮಗೆ ಅರ್ಧ ದಿನ ದಂಡ ಬಿತ್ತು.

ಸೆಟ್ಟಿಂಗ್ಸ್ ಮುಟ್ಟುವ ಮೊದಲು ಒಂದು ಸಣ್ಣ ಪರೀಕ್ಷೆ. ಪೇಸ್ಟ್ ಮಾಡಿ, ಸೇವ್ ಮಾಡಬೇಡಿ. ಆಗಲೇ ಬದಲಾಯಿತಾ? ಹಾಗಾದರೆ ಕಂಟ್ರೋಲ್ ಝಡ್ ಒಂದೇ ಸಲ ಒತ್ತಿ. ಸಾಮಾನ್ಯವಾಗಿ ನೀವು ಪೇಸ್ಟ್ ಮಾಡಿದ್ದು ಉಳಿದು, ಎಡಿಟರ್ ಮಾಡಿದ ಉಪಕಾರ ಮಾತ್ರ ಹಿಂದೆ ಹೋಗುತ್ತದೆ. ಅವಸರದಲ್ಲಿ ನಾನು ಮಾಡುವುದೂ ಇಷ್ಟೇ.

ಪೂರ್ತಿ ನಿಲ್ಲಿಸಬೇಕಾದರೆ ಸೆಟ್ಟಿಂಗ್ಸ್ ತೆರೆದು ‘ಫಾರ್ಮ್ಯಾಟ್ ಆನ್ ಪೇಸ್ಟ್’ ಹುಡುಕಿ, ಟಿಕ್ ತೆಗೆಯಿರಿ. ಅದು ಮೊದಲಿಂದ ಆಫ್ ಆಗಿಯೇ ಬರುತ್ತದೆ. ಆನ್ ಇದ್ದರೆ ಯಾವುದೋ ವಿಡಿಯೋ ನೋಡಿ ನೀವೇ ಹಾಕಿರಬೇಕು, ಅಲ್ವಾ? ಆಫ್ ಇದ್ದೂ ಸಾಲು ಸರಿದರೆ ‘ಆಟೋ ಇಂಡೆಂಟ್’ ನೋಡಿ (ಇಂಡೆಂಟ್ ಅಂದರೆ ಎಡಗಡೆ ಬಿಡುವ ಆ ಜಾಗ). ಅದು ‘ಫುಲ್’ ಅಂತ ಇರುತ್ತದೆ, ‘ಕೀಪ್’ ಮಾಡಿ. ಇದಕ್ಕೊಂದು ಬೆಲೆ ಇದೆ: ಕೋಲನ್ ಹಾಕಿ ಎಂಟರ್ ಒತ್ತಿದಾಗ ಮುಂದಿನ ಸಾಲು ತಾನಾಗಿ ಒಳಗೆ ಹೋಗುವುದಿಲ್ಲ. ಟ್ಯಾಬ್ ನೀವೇ ಒತ್ತಬೇಕು.

ಮತ್ತೆ ಅವರೇ: ಫಾರ್ಮ್ಯಾಟ್ ಆನ್ ಪೇಸ್ಟ್ ಆಫ್ ಇತ್ತು. ಕೀಪ್ ಮಾಡಿದ ಮೇಲೆ ಸರಿಹೋಯಿತು! ಆದರೆ ಸೇವ್ ಮಾಡಿದರೆ ಸಿಂಗಲ್ ಕೋಟ್‌ಗಳೆಲ್ಲ ಡಬಲ್ ಆಗುತ್ತಿವೆ. ಉದ್ದ ಸಾಲುಗಳು ತುಂಡಾಗುತ್ತಿವೆ.

ಉತ್ತರ: ಇದು ಬೇರೆ ಕಳ್ಳ. ‘ಫಾರ್ಮ್ಯಾಟ್ ಆನ್ ಸೇವ್’ ಆನ್ ಇದೆ, ಜೊತೆಗೆ ಕೋಡನ್ನು ಒಂದೇ ಶೈಲಿಗೆ ತರುವ ‘ಬ್ಲ್ಯಾಕ್’ ಫಾರ್ಮ್ಯಾಟರ್ ಹಾಕಿಕೊಂಡಿರುವಂತಿದೆ. ಕೋಟ್ ಡಬಲ್ ಮಾಡುವುದು, ಸಾಲನ್ನು 88 ಅಕ್ಷರದೊಳಗೆ ತರಲು ನೋಡುವುದು, ಎರಡೂ ಅದರದೇ ಅಭ್ಯಾಸ. ಒಬ್ಬರೇ ಬರೆಯುವ ಕೋಡ್ ಆದರೆ ಫಾರ್ಮ್ಯಾಟ್ ಆನ್ ಸೇವ್ ಆಫ್ ಮಾಡಿ. ಆಫೀಸಿನದಾದರೆ ದಯವಿಟ್ಟು ಕೇಳಿ ಮಾಡಿ, ತಂಡದವರು ಬೇಕೆಂದೇ ಇಟ್ಟಿರಬಹುದು. ಪ್ರಾಜೆಕ್ಟ್ ಫೋಲ್ಡರಿನಲ್ಲಿ ಅದರದೇ ಸೆಟ್ಟಿಂಗ್ಸ್ ಫೈಲ್ ಇದ್ದು, ಅದರಲ್ಲಿ ಇದನ್ನೇ ಆನ್ ಮಾಡಿದ್ದರೆ ನಿಮ್ಮ ಸೆಟ್ಟಿಂಗ್ ನಡೆಯುವುದೂ ಇಲ್ಲ. ಒಂದೇ ಸಲಕ್ಕೆ ಬೇಡ ಅನಿಸಿದರೆ ಕಮಾಂಡ್ ಪ್ಯಾಲೆಟ್‌ನಲ್ಲಿ (ಎಡಿಟರಿನ ಕಮಾಂಡ್‌ಗಳನ್ನು ಹುಡುಕುವ ಪೆಟ್ಟಿಗೆ) ‘ಸೇವ್ ವಿತೌಟ್ ಫಾರ್ಮ್ಯಾಟಿಂಗ್’ ಇದೆ.

ಇನ್ನೊಬ್ಬರು: ನನ್ನದು ಸರ್ವರಿನಲ್ಲಿ ವಿಮ್ ಎಡಿಟರ್, ಹಳೇ ವರ್ಷನ್. ಪೇಸ್ಟ್ ಮಾಡಿದರೆ ಪ್ರತಿ ಸಾಲೂ ಮೆಟ್ಟಿಲಿನ ಹಾಗೆ ಬಲಕ್ಕೆ ಹೋಗುತ್ತದೆ.

ಉತ್ತರ: ನೀವು ಪೇಸ್ಟ್ ಮಾಡುತ್ತಿದ್ದೀರಿ ಅಂತ ಅದಕ್ಕೆ ಗೊತ್ತಿಲ್ಲ. ಯಾರೋ ತುಂಬಾ ಬೇಗ ಟೈಪ್ ಮಾಡುತ್ತಿದ್ದಾರೆ ಅಂದುಕೊಂಡು ಪ್ರತಿ ಎಂಟರಿಗೂ ತನ್ನ ಇಂಡೆಂಟ್ ಸೇರಿಸುತ್ತದೆ. ಮೊದಲು ಕೋಲನ್ ಹಾಕಿ ‘ಸೆಟ್ ಪೇಸ್ಟ್’ ಕೊಡಿ, ಆಮೇಲೆ ಇನ್ಸರ್ಟ್ ಮೋಡಿಗೆ (ಟೈಪ್ ಮಾಡುವ ಸ್ಥಿತಿಗೆ) ಹೋಗಿ ಪೇಸ್ಟ್ ಮಾಡಿ. ಮುಗಿದ ಮೇಲೆ ‘ಸೆಟ್ ನೋಪೇಸ್ಟ್’. ಇದನ್ನು ಮರೆತರೆ ಆಟೋ ಇಂಡೆಂಟ್ ಯಾಕೆ ಕೆಲಸ ಮಾಡುತ್ತಿಲ್ಲ ಅಂತ ನಾಳೆ ಇಲ್ಲೇ ಬಂದು ಕೇಳುತ್ತೀರಿ.