ತರ್ಕದೋಷದ ಹೆಸರು ಸರಿಯಾಗೇ ಹೇಳಿದೆ, ಆದರೂ ಸೋತೆ. ಯಾಕೆ?

ಪ್ರಶ್ನೆ: ಹತ್ತನೇ ತರಗತಿ ಹುಡುಗಿ

ಎಲ್ಲರಿಗೂ ನಮಸ್ಕಾರ. ಹೋದ ವಾರ ಚರ್ಚಾ ಸ್ಪರ್ಧೆ ಇತ್ತು. ವಿಷಯ ‘ಹೋಮ್‌ವರ್ಕ್ ಇರಬಾರದು’. ನಾನು ಪರವಾಗಿ ಮಾತಾಡಬೇಕಿತ್ತು. ‘ಮನೆಯಲ್ಲಿ ಹೇಳಿಕೊಡುವವರು ಇಲ್ಲದ ಮಕ್ಕಳಿಗೆ ಹೋಮ್‌ವರ್ಕ್ ಅನ್ಯಾಯ’ ಅಂತ ಶುರು ಮಾಡಿದೆ. ಒಂದು ತಿಂಗಳು ಕೂತು ತರ್ಕದೋಷಗಳ ಪಟ್ಟಿ ಬಾಯಿಪಾಠ ಮಾಡಿದ್ದೆ. ಒಟ್ಟು 20 ಹೆಸರು.

ಎದುರಿನ ಹುಡುಗ ‘ಇವರಿಗೆ ಸೋಮಾರಿತನ, ಅದಕ್ಕೇ ಹೋಮ್‌ವರ್ಕ್ ಬೇಡ ಅಂತಾರೆ’ ಅಂದ. ನಾನು ತಕ್ಷಣ ‘ಇದು ಆ್ಯಡ್ ಹೋಮಿನೆಮ್’ (ವಾದ ಬಿಟ್ಟು ವ್ಯಕ್ತಿಯನ್ನೇ ಟೀಕಿಸೋದು) ಅಂದೆ. ‘ಹೋಮ್‌ವರ್ಕ್ ಇಲ್ಲದಿದ್ದರೆ ಸಂಜೆ ಮೊಬೈಲ್ ಹಿಡೀತಾರೆ, ಆಮೇಲೆ ಓದೋದೇ ಬಿಡ್ತಾರೆ’ ಅಂದ. ‘ಇದು ಸ್ಲಿಪರಿ ಸ್ಲೋಪ್’ (ಒಂದು ಹೆಜ್ಜೆ ಇಟ್ಟರೆ ಕೊನೆಗೆ ಅನಾಹುತವೇ ಅನ್ನೋ ವಾದ) ಅಂದೆ. ಹೀಗೆ ನಾಲ್ಕು ಸಲ. ಬಹುಮಾನ ಅವನಿಗೇ ಹೋಯಿತು. ತೀರ್ಪುಗಾರರು ನನಗೆ ಹೇಳಿದ್ದು ಒಂದೇ ಮಾತು: ‘ನೀನು ಹೆಸರಿಟ್ಟೆ, ಉತ್ತರ ಕೊಡಲಿಲ್ಲ.’ ದೋಷ ತೋರಿಸಿದ ಮೇಲೆ ಇನ್ನೇನು ಉತ್ತರ ಕೊಡಬೇಕು? ನಿಜವಾಗಲೂ ಅರ್ಥವಾಗುತ್ತಿಲ್ಲ.

ಉತ್ತರ 1: ಚರ್ಚೆ ಕಲಿಸುವ ಮೇಡಂ

ನೋಡಮ್ಮಾ, ತೀರ್ಪುಗಾರರು ಹೇಳಿದ್ದು ಸರಿ. ಬೇಜಾರಾಗಬೇಡ. ನನ್ನ ಹತ್ತಿರ ಬರುವ ಮಕ್ಕಳಲ್ಲಿ ಜಾಸ್ತಿ ಓದಿಕೊಂಡು ಬರುವವರೇ ಇಲ್ಲಿ ಎಡವುತ್ತಾರೆ.

ಹೆಸರು ನಮಗೆ ಗುರುತು ಹಿಡಿಯೋಕೆ. ಕೇಳುವವರಿಗೆ ಬೇಕಾಗಿರೋದು ಆ ವಾದ ಎಲ್ಲಿ ಕಡಿದುಹೋಗಿದೆ ಅನ್ನೋದು. ಸೋಮಾರಿತನದ ಮಾತಿಗೆ ಹೀಗೆ ಹೇಳಬಹುದಿತ್ತು: ‘ನಾನು ಸೋಮಾರಿ ಅಂತಲೇ ಇಟ್ಟುಕೊಳ್ಳೋಣ. ಆಗಲೂ ನಾನು ಕೊಟ್ಟ ಕಾರಣ ಹಾಗೇ ಇರುತ್ತೆ. ಮನೆಯಲ್ಲಿ ಪಾಠ ಹೇಳಿಕೊಡುವವರು ಇರುವ ಮಗುವಿಗೂ ಇಲ್ಲದ ಮಗುವಿಗೂ ಅದೇ ಹೋಮ್‌ವರ್ಕ್ ಕೊಡೋದು ನ್ಯಾಯವಲ್ಲ ಅಂದೆ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.’ ಇದರಲ್ಲಿ ಒಂದೂ ಲ್ಯಾಟಿನ್ ಪದ ಇಲ್ಲ. ಆದರೆ ಕೇಳಿದವರೆಲ್ಲ ಈಗ ಆ ಹುಡುಗನ ಕಡೆ ತಿರುಗುತ್ತಾರೆ, ಅಲ್ವಾ?

ಮೊಬೈಲಿನ ಮಾತು ಬೇರೆ ಥರ. ‘ಇದಾದರೆ ಅದಾಗುತ್ತೆ’ ಅನ್ನೋದೆಲ್ಲ ದೋಷವಲ್ಲ. ಎಷ್ಟೋ ಸಲ ಹಾಗೇ ಆಗುತ್ತೆ ಕೂಡ. ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಬಿಡಿಸು. ಸಂಜೆ ಬಿಡುವು ಸಿಕ್ಕರೆ ಮೊಬೈಲ್ ಹಿಡಿಯಬಹುದು, ಒಪ್ಪಿಕೋ. ಮೊಬೈಲ್ ಹಿಡಿದವರು ಓದೋದೇ ಬಿಡ್ತಾರೆ, ಇದಕ್ಕೇನು ಆಧಾರ? ಅಲ್ಲಿ ನಿಂತು ಕೇಳು. ಮೊದಲನೆಯದನ್ನು ಒಪ್ಪಿದ್ದಕ್ಕೇ ಎರಡನೇ ಪ್ರಶ್ನೆಗೆ ತೂಕ ಬರುತ್ತೆ. ದೋಷ ಇಲ್ಲದ ಕಡೆ ದೋಷ ಇದೆ ಅಂತ ಕೂಗೋದೇ ಒಂದು ತಪ್ಪು. ನ್ಯಾಯಸೂತ್ರ ಅಂತ ನಮ್ಮ ಹಳೆಯ ತರ್ಕಶಾಸ್ತ್ರದ ಗ್ರಂಥ ಒಂದಿದೆ. ಅದರಲ್ಲಿ ವಾದ ಸೋಲುವ 22 ಸಂದರ್ಭಗಳನ್ನು ಪಟ್ಟಿ ಮಾಡಿದ್ದಾರೆ. ಅದರಲ್ಲಿ ಇದೂ ಒಂದು, ನಿರನುಯೋಜ್ಯಾನುಯೋಗ ಅಂತ. (ಈ ಹೆಸರನ್ನು ದಯವಿಟ್ಟು ವೇದಿಕೆ ಮೇಲೆ ಹೇಳಬೇಡ!)

ಇನ್ನೊಂದು ಮಾತು. ನಾವು ದಿನಾ ‘ವಿತಂಡವಾದ ಮಾಡಬೇಡ’ ಅಂತೀವಿ. ಆ ಪದವೂ ಅಲ್ಲಿಂದಲೇ ಬಂದದ್ದು. ಅಲ್ಲಿ ಮೂರು ಬಗೆ ಹೇಳಿದ್ದಾರೆ. ನಿಜ ಏನು ಅಂತ ತಿಳಿಯೋಕೆ ಮಾಡೋದು ವಾದ. ಗೆಲ್ಲೋಕೆ ಮಾಡೋದು ಜಲ್ಪ. ತನ್ನದು ಅಂತ ಯಾವ ನಿಲುವನ್ನೂ ನಿಲ್ಲಿಸದೆ ಎದುರಿನವರದ್ದನ್ನು ಕೆಡವುತ್ತಾ ಹೋಗೋದು ವಿತಂಡ. ನೀನು ಕೆಟ್ಟ ಮನಸ್ಸಿನಿಂದ ಮಾಡಿಲ್ಲ, ನನಗೆ ಗೊತ್ತು. ಆದರೆ ನಾಲ್ಕು ಸಲ ಎದ್ದು ನಾಲ್ಕು ಸಲವೂ ಅವನದ್ದನ್ನೇ ಕೆಡವಿದೆ. ನಿನ್ನ ವಾದ ಏನಿತ್ತು ಅನ್ನೋದು ಕೇಳುವವರಿಗೆ ಮರೆತೇ ಹೋಗಿರುತ್ತೆ.

ಉತ್ತರ 2: ಆಗಾಗ ತೀರ್ಪುಗಾರನಾಗಿ ಕೂರುವವನು

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಎದುರಿನವರ ಮಾತನ್ನು ಖಂಡಿಸುವ ಮೊದಲು ಅದನ್ನು ನಿಮ್ಮ ಮಾತಿನಲ್ಲಿ ಒಂದು ವಾಕ್ಯ ಹೇಳಿ. ಅದನ್ನು ಕೇಳಿ ಅವರೇ ‘ಹೌದು, ನಾನು ಹೇಳಿದ್ದು ಅದೇ’ ಅನ್ನುವಂತಿರಬೇಕು. ಅವರು ಹೇಳಿದ್ದಕ್ಕಿಂತ ಬಡಕಲು ಮಾಡಿ ಹೇಳಿದರೆ ನೀವು ಬೆರ್ಚಪ್ಪನ ಜೊತೆ ಗುದ್ದಾಡಿದ ಹಾಗೆ. ಸ್ಟ್ರಾ ಮ್ಯಾನ್ ಅನ್ನೋದು ಅದೇ.

ಹಾಳೆಯ ಮಧ್ಯೆ ಒಂದು ಗೆರೆ ಎಳೆದುಕೊಳ್ಳಿ. ಎಡಕ್ಕೆ ಅವರ ಮಾತು, ಬಲಕ್ಕೆ ನಿಮ್ಮ ಉತ್ತರ. ಬಲಗಡೆ ಖಾಲಿ ಉಳಿದದ್ದನ್ನು ನಾವು ತೀರ್ಪುಗಾರರೂ ಗಮನಿಸುತ್ತಿರುತ್ತೇವೆ.

ಅರಿಸ್ಟಾಟಲ್ ಒಪ್ಪಿಸುವ ದಾರಿ ಮೂರು ಅಂದ: ಮಾತಾಡುವವರ ಮೇಲಿನ ನಂಬಿಕೆ, ಕೇಳುವವರ ಮನಸ್ಸು, ಮಾತಿನೊಳಗಿನ ಕಾರಣ. ಎದುರಿನವರ ಮಾತನ್ನು ನೆಟ್ಟಗೆ ಹೇಳಿದ ಕೂಡಲೇ ಮೊದಲನೆಯದು ನಿಮ್ಮ ಕಡೆ ಬರುತ್ತೆ.

ಮತ್ತೆ ಪ್ರಶ್ನೆ: ಹತ್ತನೇ ತರಗತಿ ಹುಡುಗಿ

ಥ್ಯಾಂಕ್ಸ್ ಮೇಡಂ, ಥ್ಯಾಂಕ್ಸ್ ಸರ್. ಒಂದು ಪ್ರಯತ್ನ ಮಾಡಿದ್ದೇನೆ, ನೋಡ್ತೀರಾ? ಅವನು ‘ಹೋಮ್‌ವರ್ಕ್ ಮಾಡುವವರಿಗೇ ಜಾಸ್ತಿ ಅಂಕ ಬರುತ್ತೆ’ ಅಂತಲೂ ಹೇಳಿದ್ದ. ಅದಕ್ಕೆ ನಾನು ಈಗ ಬರೆದದ್ದು: ‘ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯಿತು ಅಷ್ಟೇ. ಹೋಮ್‌ವರ್ಕ್‌ಗೂ ಅಂಕಕ್ಕೂ ಸಂಬಂಧ ಇಲ್ಲ.’

ಉತ್ತರ 3: ಚರ್ಚೆ ಕಲಿಸುವ ಮೇಡಂ

ಗಾದೆ ಚೆನ್ನಾಗಿದೆ, ಆದರೆ ಇಲ್ಲಿಗೆ ಕೂರಲ್ಲ. ಕಾಗೆ ಕೂತಾಗ ಕೊಂಬೆ ಮುರಿದದ್ದು ಒಂದೇ ಸಲ. ಹೋಮ್‌ವರ್ಕ್ ಮಾಡುವವರಿಗೆ ಜಾಸ್ತಿ ಅಂಕ ಬರೋದನ್ನು ಕ್ಲಾಸಿನಲ್ಲಿ ಎಲ್ಲರೂ ಮತ್ತೆ ಮತ್ತೆ ನೋಡಿರುತ್ತಾರೆ. ‘ಸಂಬಂಧ ಇಲ್ಲ’ ಅಂದರೆ ಯಾರೂ ನಂಬಲ್ಲ. ಸಂಬಂಧ ಇದೆ. ಆದರೆ ಯಾವುದರಿಂದ ಯಾವುದು ಅಂತ ಕೇಳಬೇಕು.

ಹೋಮ್‌ವರ್ಕ್ ಮಾಡಿದ್ದಕ್ಕೆ ಅಂಕ ಬಂತಾ? ಇಲ್ಲ, ಪಾಠ ಅರ್ಥವಾದವರೇ ಹೋಮ್‌ವರ್ಕನ್ನೂ ಮುಗಿಸ್ತಾರಾ? ಮೂರನೆಯದು ಒಂದಿದೆ, ಅದು ನಿನ್ನ ಕೈಯಲ್ಲೇ ಇತ್ತು. ಮನೆಯಲ್ಲಿ ಹೇಳಿಕೊಡುವವರು ಇದ್ದರೆ ಹೋಮ್‌ವರ್ಕೂ ಮುಗಿಯುತ್ತೆ, ಅಂಕವೂ ಬರುತ್ತೆ. ನೀನು ಶುರುವಿನಲ್ಲಿ ಹೇಳಿದ ವಾದವೇ ಅದು. ಅವನ ಮಾತಿನಿಂದಲೇ ಅಲ್ಲಿಗೆ ವಾಪಸ್ ಹೋಗಬಹುದಿತ್ತು. ಅದನ್ನು ಎರಡು ವಾಕ್ಯದಲ್ಲಿ ಬರೆದು ಇಲ್ಲೇ ಹಾಕು, ನೋಡ್ತೀನಿ.